ಡಿಗ್ರಿ ಇಲ್ಲದ ಹಕ್ಕಿ ಪಂಡಿತ

ಮಕ್ಕಳ ಪಿಯುಸಿ ಮುಗಿದರೆ ಸಾಕು, ಮುಂದೆ ಏನು ಅಂತ ನಾವು ಕೇಳೋಕೆ ಶುರು ಮಾಡುತ್ತೇವೆ. ಡಿಗ್ರಿ ಅರ್ಧಕ್ಕೆ ಬಿಟ್ಟವನ ಕಥೆ ಮುಗೀತು ಅಂತಲೇ ನಮ್ಮ ಲೆಕ್ಕ. ಹಾಗಾದರೆ ಸಲೀಂ ಅಲಿ ಅವರ ಬದುಕನ್ನೊಮ್ಮೆ ನೋಡೋಣ.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳಕೊಂಡರು. ಸಾಕಿದ್ದು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿ. ಒಮ್ಮೆ ಏರ್‌ಗನ್‌ನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು ಹುಡುಗನಿಗೆ ಕುತೂಹಲ. ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಹಕ್ಕಿಯ ಹುಚ್ಚು ಹತ್ತಿದ್ದು ಅಲ್ಲಿಂದಲೇ.

ಕಾಲೇಜು ಅರ್ಧಕ್ಕೇ ನಿಂತಿತು. ಬರ್ಮಾದಲ್ಲಿ ಕುಟುಂಬದ ಗಣಿ, ಮರದ ವ್ಯವಹಾರ ನೋಡಿಕೊಂಡರು. ಮನಸ್ಸು ಮಾತ್ರ ಕಾಡಿನ ಹಕ್ಕಿಗಳ ಹಿಂದೆ. ಮುಂದೆ ಪಕ್ಷಿತಜ್ಞರ ಸರಕಾರಿ ಹುದ್ದೆ ಕೇಳಿದಾಗ ಡಿಗ್ರಿ ಇಲ್ಲದ್ದರಿಂದ ಸಿಗಲಿಲ್ಲ. ಜರ್ಮನಿಯಲ್ಲಿ ಕಲಿತು 1930ರಲ್ಲಿ ಮರಳಿದರೆ, ಮೊದಲಿದ್ದ ಮ್ಯೂಸಿಯಂ ಕೆಲಸವೂ ಹೋಗಿತ್ತು.

ಪತ್ನಿ ತೆಹ್ಮಿನಾ ಜೊತೆ ಕಡಲತೀರದ ಕಿಹೀಮ್ ಊರಿಗೆ ಹೋದರು. ಅಲ್ಲಿ ಗೀಜಗನ ಗೂಡುಗಳನ್ನು ದಿನಗಟ್ಟಲೆ ನೋಡುತ್ತಾ ಕೂತರು. ಗಂಡು ಗೂಡನ್ನು ಅರ್ಧ ಹೆಣೆದು ನಿಲ್ಲಿಸುತ್ತದೆ, ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ ಎಂದು ತೋರಿಸಿದ ಆ ಅಧ್ಯಯನವೇ ಅವರಿಗೆ ಹೆಸರು ತಂದಿತು. ಆಮೇಲೆ ಮೈಸೂರು ಸೇರಿದಂತೆ ಹಲವು ಸಂಸ್ಥಾನಗಳ ಹಕ್ಕಿ ಸರ್ವೆ, 1941ರಲ್ಲಿ ಭಾರತದ ಹಕ್ಕಿಗಳ ಪುಸ್ತಕ, 1976ರಲ್ಲಿ ಪದ್ಮವಿಭೂಷಣ. ವಿಶ್ವವಿದ್ಯಾಲಯಗಳೇ ಕರೆದು ಗೌರವ ಡಾಕ್ಟರೇಟ್ ಕೊಟ್ಟವು. 1987ರಲ್ಲಿ ಅವರು ತೀರಿಕೊಂಡರು.

ಅವರು ಕಲಿಯೋದನ್ನು ಬಿಟ್ಟವರಲ್ಲ. ಇಷ್ಟದ್ದನ್ನು ಕೊನೆತನಕ ಕಲಿತವರು. ಹುಡುಗನ ಕೈಯ ಸತ್ತ ಗುಬ್ಬಿಯನ್ನು ಆ ಮಾವ ಅಂದೇ ಬಿಸಾಡಿಸಿದ್ದರೆ? ನಮ್ಮ ಮನೆ ಮಕ್ಕಳು ಕೈಯಲ್ಲಿ ಏನು ಹಿಡ್ಕೊಂಡು ಬರ್ತಾರೆ ಅಂತ ನಾವೂ ಒಮ್ಮೆ ನೋಡೋಣ.