ಜೀನ್ ಪಿಯಾಜೆ

ಜೀನ್ ಪಿಯಾಜೆ (ಆಗಸ್ಟ್ 9, 1896 – ಸೆಪ್ಟೆಂಬರ್ 16, 1980) ಮಕ್ಕಳ ಆಲೋಚನೆಯ ಬೆಳವಣಿಗೆಯನ್ನು ಹಂತಗಳಲ್ಲಿ ವಿವರಿಸಿದ ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ. ನ್ಯೂಶಾಟೆಲ್‌ನಲ್ಲಿ ಜನಿಸಿದ ಇವರು 1918ರಲ್ಲಿ ನಿಸರ್ಗ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಪ್ಯಾರಿಸ್ಸಿನಲ್ಲಿ ಬುದ್ಧಿಪರೀಕ್ಷೆಗಳನ್ನು ನಡೆಸುವಾಗ, ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುವುದನ್ನು ಗಮನಿಸಿದರು. ತಪ್ಪುತ್ತರವು ದಡ್ಡತನವಲ್ಲ, ಆ ವಯಸ್ಸಿನ ತರ್ಕ ಎಂಬ ನಿಲುವಿಗೆ ಬಂದರು. 1921ರಲ್ಲಿ ಜಿನೀವಾದ ರೂಸೋ ಸಂಸ್ಥೆಯನ್ನು ಸೇರಿದರು. ಮುಂದೆ ತಮ್ಮ ಮೂವರು ಮಕ್ಕಳನ್ನೂ ಶೈಶವದಿಂದಲೇ ಅವಲೋಕಿಸಿದರು.

ಅವರು ಗುರುತಿಸಿದ ಹಂತಗಳು ನಾಲ್ಕು: ಸಂವೇದನಾ-ಚಾಲಕ (2 ವರ್ಷದವರೆಗೆ), ಕಾರ್ಯಪೂರ್ವ (2–7), ಮೂರ್ತ ಕಾರ್ಯ (7–11), ಔಪಚಾರಿಕ ಕಾರ್ಯ (11ರ ನಂತರ). ಮಣ್ಣಿನ ಉಂಡೆಯನ್ನು ಉದ್ದಕ್ಕೆ ಹೊಸೆದರೆ ಮಣ್ಣೇ ಹೆಚ್ಚಾಯಿತೆಂದು ಎರಡನೆಯ ಹಂತದ ಮಗು ಭಾವಿಸುತ್ತದೆ. ಅದು ಅಷ್ಟೇ ಇದೆಯೆಂಬ ಅರಿವು ಮೂರನೆಯ ಹಂತದಲ್ಲಿ ಮೂಡುತ್ತದೆ. ಕರ್ನಾಟಕದ ಶಿಕ್ಷಕರ ತರಬೇತಿಯಲ್ಲಿಯೂ ಈ ಹಂತಗಳು ಪಾಠವಾಗಿವೆ.