ನೌಕರಿ ಸಿಕ್ಕ ಮೇಲೆ ವೈದ್ಯ ಕಲಿತ ಡಾಕ್ಟರು: ಬೆಂಗಳೂರಿನ ತೊಟ್ಟಿಯಿಂದ ನೊಬೆಲ್‌ವರೆಗೆ ರೊನಾಲ್ಡ್ ರಾಸ್

ಕುಮಾರಸ್ವಾಮಿ ಲೇಔಟ್: ಮಳೆಗಾಲ ಶುರುವಾದರೆ ಸಾಕು, ಮನೆ ಮುಂದಿನ ಡ್ರಮ್ಮು, ಸಂಪು, ಹೂಕುಂಡದ ತಟ್ಟೆ ಎಲ್ಲವನ್ನೂ ಇಣುಕಿ ನೋಡುತ್ತಾ ಆರೋಗ್ಯ ಕಾರ್ಯಕರ್ತೆಯರು ಬೀದಿ ಬೀದಿ ಸುತ್ತುತ್ತಾರೆ. ನಿಂತ ನೀರು ಕಂಡರೆ ಚೆಲ್ಲಿ ಅಂತಾರೆ. ಕೆಲವರು ಚೆಲ್ಲುತ್ತಾರೆ, ಕೆಲವರು ಕಾವೇರಿ ನೀರು ಮತ್ತೆ ಯಾವಾಗ ಬರುತ್ತೋ ಅಂತ ಹಾಗೇ ಬಿಡುತ್ತಾರೆ. ಇದೇ ಮಾತನ್ನು ಇದೇ ಬೆಂಗಳೂರಿನಲ್ಲಿ 1883ರಲ್ಲಿ ಒಬ್ಬ ಡಾಕ್ಟರು ಹೇಳಿದ್ದರು. ಆಗಲೂ ಕೇಳಿದವರಿಲ್ಲ.

ಅವರೇ ರೊನಾಲ್ಡ್ ರಾಸ್. ಮಲೇರಿಯಾ ಹರಡುವುದು ಸೊಳ್ಳೆಯಿಂದ ಎಂದು ತೋರಿಸಿ 1902ರಲ್ಲಿ ನೊಬೆಲ್ ಪಡೆದವರು. ಪ್ರತಿ ವರ್ಷ ಆಗಸ್ಟ್ 20ರಂದು ಆಚರಿಸುವ ವಿಶ್ವ ಸೊಳ್ಳೆ ದಿನ ಅವರ ಸಂಶೋಧನೆಯ ನೆನಪಿಗೆ. ಶಾಲೆಯ ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಪುಸ್ತಕದಲ್ಲಿ ಇಲ್ಲದ್ದು ಏನೆಂದರೆ, ಈ ಮನುಷ್ಯ ಕಾಲೇಜಿನಲ್ಲಿ ಒಳ್ಳೆಯ ವಿದ್ಯಾರ್ಥಿ ಆಗಿರಲಿಲ್ಲ. ವೈದ್ಯ ಕಲಿತದ್ದೆಲ್ಲ ಕೆಲಸಕ್ಕೆ ಸೇರಿದ ಮೇಲೆ. ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನದ್ದು.

ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ. ಅಪ್ಪ ಬ್ರಿಟಿಷ್ ಇಂಡಿಯಾ ಸೇನೆಯ ದೊಡ್ಡ ಅಧಿಕಾರಿ. ಹುಡುಗನಿಗೆ ಇಷ್ಟವಿದ್ದದ್ದು ಕವಿತೆ, ಸಂಗೀತ, ಗಣಿತ. ಅಪ್ಪ ಡಾಕ್ಟರಾಗು ಅಂದರು, ಆಯಿತು ಎಂದು ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಕಾಲೇಜಿಗೆ ಸೇರಿದರು. ಒಂದು ಪರೀಕ್ಷೆ ಪಾಸಾಯಿತು, ಇನ್ನೊಂದರಲ್ಲಿ ಫೇಲಾದರು. ಸ್ವಲ್ಪ ಕಾಲ ಹಡಗಿನ ಡಾಕ್ಟರಾಗಿ ಅಟ್ಲಾಂಟಿಕ್ ಮೇಲೆ ಓಡಾಡಿ, ಬಾಕಿ ಪರೀಕ್ಷೆ ಕಟ್ಟಿ, 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮದರಾಸಿಗೆ ಬಂದರು.

1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ಹಂಗಾಮಿ ಸರ್ಜನ್ ಕೆಲಸ. ಬಂಗಲೆ ಅಂದಚೆಂದವಾಗಿತ್ತು, ಸೊಳ್ಳೆ ಕಾಟ ಮಾತ್ರ ತಡೆಯಲಾಗದು. ಹುಡುಕಿ ನೋಡಿದರೆ ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಬುಳುಬುಳು ಅನ್ನುತ್ತಿದ್ದವು. ತೊಟ್ಟಿ ಮಗುಚಿದರು, ಕಾಟ ಇಳಿಯಿತು. ಅಧಿಕಾರಿಗಳ ಊಟದ ಮನೆಯ ಸುತ್ತಲಿನ ತೊಟ್ಟಿಗಳನ್ನೂ ಹೀಗೇ ಮಾಡಿ ಎಂದು ದಂಡಿನ ಅಧಿಕಾರಿಗೆ ಹೇಳಿದರು. ಸೊಳ್ಳೆಯನ್ನು ದೇವರು ಸುಮ್ಮನೆ ಹುಟ್ಟಿಸಿಲ್ಲ, ಪ್ರಕೃತಿಯ ಕ್ರಮ ಕೆಡಿಸಬಾರದು ಎಂಬಂಥ ಉತ್ತರ ಬಂತು. ಸೊಳ್ಳೆಗೂ ಜ್ವರಕ್ಕೂ ನಂಟಿದೆ ಎಂಬುದು ಆಗ ರಾಸ್ ಅವರಿಗೂ ಹೊಳೆದಿರಲಿಲ್ಲ ಅನ್ನಿ. ಅವರಿಗೆ ಬೇಕಿದ್ದದ್ದು ನಿದ್ದೆ.

ಏಳು ವರ್ಷ ನೌಕರಿ ಮಾಡಿದ ಮೇಲೆ, 1888ರಲ್ಲಿ, ರಜೆಯ ಮೇಲೆ ಲಂಡನ್ನಿಗೆ ಹೋದರು. ಅಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಮಾಡಿ, ಆಗಿನ್ನೂ ಹೊಸದಾಗಿದ್ದ ಬ್ಯಾಕ್ಟೀರಿಯಾ ಶಾಸ್ತ್ರವನ್ನು ಪ್ರೊಫೆಸರ್ ಕ್ಲೈನ್ ಬಳಿ ಕಲಿತರು. ಮೈಕ್ರೋಸ್ಕೋಪ್ ಕೈಗೆ ಹಿಡಿದದ್ದು ಆಗ.

ಅರ್ಧ ಕಲಿತವರ ಅಪಾಯ ಏನೆಂಬುದು ಮುಂದಿನ ವರ್ಷಗಳಲ್ಲಿ ಕಾಣುತ್ತದೆ. ಫ್ರೆಂಚ್ ಸೇನೆಯ ಡಾಕ್ಟರ್ ಲಾವೆರಾನ್ 1880ರಲ್ಲೇ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಯ ರಕ್ತದೊಳಗೆ ಪರಾವಲಂಬಿ ಜೀವಿಯನ್ನು ಕಂಡಿದ್ದರು. ಭಾರತಕ್ಕೆ ವಾಪಸ್ ಬಂದ ರಾಸ್ ಎಷ್ಟು ರಕ್ತ ನೋಡಿದರೂ ಅದು ಸಿಗಲಿಲ್ಲ. ಸಿಗದಿದ್ದ ಮೇಲೆ ಇಲ್ಲವೇ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಮಲೇರಿಯಾ ಕರುಳಿನ ದೋಷದಿಂದ ಬರುವ ಕಾಯಿಲೆ ಎಂದು ನಂಬಿ, 1893ರ ಹೊತ್ತಿಗೆ ಲಾವೆರಾನ್ ಮಾತನ್ನು ಅಲ್ಲಗಳೆದು ಲೇಖನಗಳನ್ನೂ ಬರೆದರು. ಅಚ್ಚಾದ ತಪ್ಪು, ಹೆಸರು ಸಮೇತ.

1894ರಲ್ಲಿ ಮತ್ತೆ ರಜೆ, ಮತ್ತೆ ಲಂಡನ್. ಈ ಸಲ ಡಾ. ಪ್ಯಾಟ್ರಿಕ್ ಮ್ಯಾನ್ಸನ್ ಮನೆ ಬಾಗಿಲು ತಟ್ಟಿದರು. ಆನೆಕಾಲು ರೋಗದ ಹುಳು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ಚೀನಾದಲ್ಲಿ ಕಂಡುಹಿಡಿದಿದ್ದ ಹಿರಿಯರು ಅವರು. ವಾದಕ್ಕೆ ಇಳಿಯದೆ ಒಂದು ಹನಿ ರಕ್ತವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ತೋರಿಸಿದರು. ರಾಸ್ ಕಂಡರು. ವರ್ಷಗಟ್ಟಲೆ ಹುಡುಕಿ ಸಿಗದಿದ್ದದ್ದು, ಗೊತ್ತಿದ್ದವರು ಪಕ್ಕದಲ್ಲಿ ನಿಂತು ತೋರಿಸಿದಾಗ ಸಿಕ್ಕಿತು. ಆಗ ಅವರಿಗೆ ಮೂವತ್ತೇಳರ ಆಸುಪಾಸು. ತಾನು ಬರೆದದ್ದು ತಪ್ಪು ಎಂದು ಒಪ್ಪಿಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ನಡೆದು ಹೋಗುವಾಗ, ಮಲೇರಿಯಾದ ಜೀವಿಯನ್ನೂ ಸೊಳ್ಳೆಯೇ ಹೊರುತ್ತಿರಬಹುದು ಎಂಬ ತಮ್ಮ ಊಹೆಯನ್ನು ಮ್ಯಾನ್ಸನ್ ಮುಂದಿಟ್ಟರು.

1895ರಲ್ಲಿ ರಾಸ್ ಸಿಕಂದರಾಬಾದಿಗೆ ಬಂದು ಕೆಲಸ ಹಿಡಿದರು. ಅಲ್ಲಿಂದ ಶುರುವಾಯಿತು ಪತ್ರಗಳ ಪಾಠ. ಮುಂದಿನ ನಾಲ್ಕು ವರ್ಷದಲ್ಲಿ ಇಬ್ಬರ ನಡುವೆ ನೂರಕ್ಕೂ ಹೆಚ್ಚು ಕಾಗದ ಓಡಾಡಿದವು. ಹಡಗಿನ ಅಂಚೆ, ಒಂದು ಪ್ರಶ್ನೆಗೆ ಉತ್ತರ ಬರಲು ತಿಂಗಳ ಮೇಲಾಗುತ್ತಿತ್ತು. ಇವತ್ತು ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿದ ಶಿಕ್ಷಣ ಪಡೆಯಬೇಕು ಎಂದು 2002ರ ನಿಯಮ ಹೇಳುತ್ತದೆ. ಎಮರ್ಜೆನ್ಸಿ ಮೆಡಿಸಿನ್‌ಗೆ ಪ್ರತ್ಯೇಕ ಸ್ನಾತಕೋತ್ತರ ವಿಭಾಗವೆಂಬ ಮಾನ್ಯತೆ ದೇಶದಲ್ಲಿ ಸಿಕ್ಕಿದ್ದು 2009ರಲ್ಲಿ. ರಾಸ್ ಕಾಲಕ್ಕೆ ನಿಯಮ ಇಲ್ಲ, ಹಾಜರಾತಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಇದ್ದದ್ದು ಒಬ್ಬ ಮೇಷ್ಟ್ರು.

ಮೇಷ್ಟ್ರೂ ತಪ್ಪುತ್ತಿದ್ದರು, ಅದೂ ಹೇಳಬೇಕು. ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ಮಲೇರಿಯಾ ಬರುತ್ತದೆ ಎಂದು ಮ್ಯಾನ್ಸನ್ ನಂಬಿದ್ದರು. ಶಿಷ್ಯ ಅದನ್ನೂ ಪರೀಕ್ಷಿಸಿದರು. ಲಚ್ಮನ್ ಎಂಬುವರಿಗೆ ಸೊಳ್ಳೆ ಸತ್ತ ನೀರು ಕುಡಿಸಿದರು, ಜ್ವರ ಬಂತು, ರಾಸ್ ಹಿಗ್ಗಿದರು. ಆಮೇಲೆ ಕುಡಿದವರಿಗೆ ಹಾಗಾಗಲಿಲ್ಲ. ಈಗಿನ ಯಾವ ಆಸ್ಪತ್ರೆಯ ನೈತಿಕ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪುವುದಿಲ್ಲ. ಈ ಕಥೆಯ ಕಹಿ ಭಾಗ ಇದು.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಕಾಲರಾ. 1895ರ ಸೆಪ್ಟೆಂಬರ್‌ನಲ್ಲಿ ಸೊಳ್ಳೆ ಕೆಲಸ ಬಿಟ್ಟು ಬಾ ಎಂಬ ಆದೇಶ ಬಂತು. ಆಗ ಕುಮಾರಸ್ವಾಮಿ ಲೇಔಟ್ ಹಾಗಿರಲಿ, ಬಸವನಗುಡಿ ಬಡಾವಣೆಯೂ ಹುಟ್ಟಿರಲಿಲ್ಲ. ದಂಡು ಪ್ರದೇಶದ ಜನ ಬಾವಿ, ಕೆರೆ ನೀರನ್ನೇ ನಂಬಿದ್ದರು. ಹೆಸರಘಟ್ಟದ ನೀರು ಇನ್ನೇನು ಬರುವುದರಲ್ಲಿತ್ತು.

ಕಾಲರಾ ಅಂದರೆ ಗಂಟೆಗಳ ಲೆಕ್ಕದ ಕಾಯಿಲೆ. ವಾಂತಿ ಭೇದಿಯಲ್ಲಿ ಮೈಯ ನೀರೆಲ್ಲ ಬಸಿದುಹೋಗಿ, ಬೆಳಗ್ಗೆ ಓಡಾಡುತ್ತಿದ್ದವರು ಸಂಜೆಗೆ ಇಲ್ಲ. ಇವತ್ತು ಇಂಥ ರೋಗಿ ಎಮರ್ಜೆನ್ಸಿ ವಾರ್ಡಿಗೆ ಬಂದರೆ ನಿಮಿಷಗಳಲ್ಲಿ ನರಕ್ಕೆ ಸೂಜಿ ಚುಚ್ಚಿ ಡ್ರಿಪ್ ಏರಿಸುತ್ತಾರೆ, ಕುಡಿಯುವ ಶಕ್ತಿ ಇದ್ದರೆ ಓಆರ್‌ಎಸ್ ಕೊಡುತ್ತಾರೆ, ಬಹುತೇಕರು ಬದುಕುತ್ತಾರೆ. 1895ರ ಬೆಂಗಳೂರಿನಲ್ಲಿ ಇದು ವಾಡಿಕೆಯ ಚಿಕಿತ್ಸೆ ಆಗಿರಲಿಲ್ಲ. ಹಾಗಂತ ಜಗತ್ತಿಗೆ ಗೊತ್ತೇ ಇರಲಿಲ್ಲವೇ? ಗೊತ್ತಿತ್ತು! ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಎಂಬ ಡಾಕ್ಟರು 1832ರಲ್ಲೇ ಕಾಲರಾ ರೋಗಿಗಳ ನರಕ್ಕೆ ಉಪ್ಪು ನೀರು ಹಾಯಿಸಿ ಕೆಲವರನ್ನು ಉಳಿಸಿದ್ದರು. ಅವರು ಬೇಗ ತೀರಿಕೊಂಡರು, ವಿದ್ಯೆ ಮರೆತುಹೋಯಿತು. ಅದನ್ನು ಸುಧಾರಿಸಿ ಸಾವು ಇಳಿಸಿದ್ದು 20ನೇ ಶತಮಾನದ ಆರಂಭದಲ್ಲಿ, ಕಲ್ಕತ್ತಾದ ಲಿಯೊನಾರ್ಡ್ ರೋಜರ್ಸ್. ನಡುವಿನ ಏಳು ದಶಕದಲ್ಲಿ ಸತ್ತವರು ಎಷ್ಟೋ.

ಚಿಕಿತ್ಸೆ ಕೈಯಲ್ಲಿ ಇಲ್ಲದ ರಾಸ್‌ಗೆ ಉಳಿದಿದ್ದು ನೀರು ಮತ್ತು ಕೊಳಕಿನ ಕೆಲಸ. ರಜೆಯಲ್ಲಿ ಮಾಡಿದ ಡಿಪ್ಲೊಮಾ ಇಲ್ಲಿ ಕೈಹಿಡಿಯಿತು. ದಂಡಿನ ನೈರ್ಮಲ್ಯ ವ್ಯವಸ್ಥೆ ಹೇಗಿದೆ, ಹೇಗಿರಬೇಕು ಎಂದು ವರದಿ ಬರೆದರು. ಸೊಳ್ಳೆ ಬಿಟ್ಟು ಚರಂಡಿ ಕಾಯಬೇಕಾದ ಬೇಸರ ಇತ್ತು. ಆದರೂ ಬಿಡುವು ಸಿಕ್ಕಾಗ ಹಳೆಯ ಕೆಲಸ ಬಿಡಲಿಲ್ಲ.

ಆಗ ನೆರವಿಗೆ ಬಂದವರು ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಒಬ್ಬರು. ರಾಸ್ ಅವರ ಹೆಸರನ್ನು ಅಪ್ಪಿಯಾ ಎಂದು ಬರೆದಿದ್ದಾರೆ, ಬಹುಶಃ ಅಪ್ಪಯ್ಯ ಇರಬೇಕು. ಮಲೇರಿಯಾ ರೋಗಿಯ ರಕ್ತ ಕುಡಿದ ಸೊಳ್ಳೆಗಳಿಂದ ಕಚ್ಚಿಸಿಕೊಳ್ಳಲು ಅವರು ತಾವಾಗಿಯೇ ಮುಂದೆ ಬಂದರು. ಸೊಳ್ಳೆ ಕಚ್ಚಿದವು, ಜ್ವರ ಬರಲಿಲ್ಲ. ಊಹೆಯೇ ತಪ್ಪೇನೋ ಅನ್ನಿಸುವಂಥ ಫಲಿತಾಂಶ. ಅಸಲಿಗೆ ತಪ್ಪಿದ್ದದ್ದು ಸೊಳ್ಳೆಯ ಜಾತಿ. ಸುಲಭವಾಗಿ ಸಿಗುತ್ತಿದ್ದ ಸೊಳ್ಳೆಗಳು ಮಲೇರಿಯಾ ಹೊರುವಂಥವಲ್ಲ. ಅಪ್ಪಯ್ಯನವರ ಹೆಸರನ್ನು ರಾಸ್ ಮುಂದೆ ತಮ್ಮ ನೊಬೆಲ್ ಉಪನ್ಯಾಸದಲ್ಲೂ ಸ್ಮರಿಸಿದರು.

1897ರಲ್ಲಿ ಊಟಿ ಕಡೆ ಹೋಗಿ ಸೀಗೂರು ಘಾಟಿನಲ್ಲಿ ಸ್ವತಃ ಮಲೇರಿಯಾ ಹತ್ತಿಸಿಕೊಂಡರು. ರೆಕ್ಕೆಯ ಮೇಲೆ ಚುಕ್ಕೆ ಇರುವ ಬೇರೆ ಜಾತಿಯ ಸೊಳ್ಳೆ ಕಣ್ಣಿಗೆ ಬಿದ್ದದ್ದೂ ಅಲ್ಲೇ. ಸಿಕಂದರಾಬಾದಿಗೆ ಮರಳಿ, ಆಗಸ್ಟಿನ ಸೆಕೆಯಲ್ಲಿ ಅಂಥ ಸೊಳ್ಳೆಗಳನ್ನು ಹುಸೇನ್ ಖಾನ್ ಎಂಬ ರೋಗಿಗೆ ಕಚ್ಚಿಸಿದರು. ಕಚ್ಚಿದ ಸೊಳ್ಳೆಗೆ ಒಂದೊಂದು ಆಣೆ. ಪಂಖಾ ಬೀಸಿದರೆ ಕೊಯ್ದಿಟ್ಟ ಸೊಳ್ಳೆ ಹಾರಿಹೋಗುತ್ತದೆ, ಹಾಗಾಗಿ ಬೆವರಿನಲ್ಲೇ ಕೆಲಸ. ಮೈಕ್ರೋಸ್ಕೋಪಿನ ತಿರುಪುಗಳು ಬೆವರಿಗೆ ತುಕ್ಕು ಹಿಡಿದಿದ್ದವು. ಆಗಸ್ಟ್ 20ರಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಜೀವಿಯ ಕಪ್ಪು ಕಣಗಳಿದ್ದ ಕೋಶಗಳು ಕಂಡವು. ಮರು ವರ್ಷ ಕಲ್ಕತ್ತಾದಲ್ಲಿ, ಸಹಾಯಕ ಮಹಮ್ಮದ್ ಬಕ್ಸ್ ಜೊತೆ, ಹಕ್ಕಿಗಳ ಮಲೇರಿಯಾ ಸೊಳ್ಳೆ ಕಡಿತದಿಂದಲೇ ಹರಡುವುದನ್ನು ಪೂರ್ತಿ ತೋರಿಸಿದರು.

1899ರಲ್ಲಿ ನೌಕರಿ ಬಿಟ್ಟು ಲಿವರ್‌ಪೂಲ್‌ನ ಉಷ್ಣವಲಯ ವೈದ್ಯಶಾಲೆಯಲ್ಲಿ ಪಾಠ ಹೇಳಲು ಸೇರಿದರು. ಅಂಥದ್ದೇ ಶಾಲೆಯನ್ನು ಅದೇ ವರ್ಷ ಲಂಡನ್ನಿನಲ್ಲಿ ಮ್ಯಾನ್ಸನ್ ತೆರೆದರು. ಡಿಗ್ರಿ ಮುಗಿಸಿ ಬಿಸಿಲ ದೇಶಗಳಿಗೆ ಹೊರಟ ಡಾಕ್ಟರುಗಳಿಗೆ ಅಲ್ಲಿನ ಕಾಯಿಲೆಗಳನ್ನು ಕಲಿಸುವ ಶಾಲೆಗಳಿವು. ರಾಸ್ ಜಗಳಗಂಟ ಸ್ವಭಾವದವರು. ಸಂಶೋಧನೆಯ ಹಕ್ಕಿಗಾಗಿ ಇಟಲಿಯ ಗ್ರಾಸ್ಸಿ ಜೊತೆ ವರ್ಷಗಟ್ಟಲೆ ಕಾದಾಡಿದರು. ಕೊನೆಗೆ ಮ್ಯಾನ್ಸನ್ ಜೊತೆಗೂ ಕೆಟ್ಟಿತು, ಕೋರ್ಟಿನ ಮಾತೂ ಬಂತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳ ದೊಡ್ಡ ಸಂಗ್ರಹ ಈಗ ಇರುವುದು ಮ್ಯಾನ್ಸನ್ ಕಟ್ಟಿದ ಆ ಲಂಡನ್ ಶಾಲೆಯಲ್ಲಿ. ಕೆಲಸದ ನಡುವೆ ರಜೆ ಹಾಕಿ ಬಂದ ಡಾಕ್ಟರುಗಳು ಇಂದೂ ಅಲ್ಲಿ ಉಷ್ಣವಲಯದ ಕಾಯಿಲೆಗಳ ಡಿಪ್ಲೊಮಾ ಓದುತ್ತಾರೆ.