ಡಾ. ಸುಭಾಷ್ ಮುಖೋಪಾಧ್ಯಾಯ

1978ನೆಯ ಇಸವಿ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯೀಸ್ ಬ್ರೌನ್ ಎಂಬ ಹೆಣ್ಣುಮಗು ಜನಿಸಿತು. ತಾಯಿಯ ಒಡಲಿನ ಹೊರಗೆ, ಗಾಜಿನ ಪಾತ್ರೆಯಲ್ಲಿ ಅಂಕುರಿಸಿದ ಜಗತ್ತಿನ ಮೊದಲ ಶಿಶು ಅದು. ಇದಾದ 70 ದಿನಗಳ ತರುವಾಯ, ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಅಂತಹುದೇ ಇನ್ನೊಂದು ಮಗು ಕಣ್ದೆರೆಯಿತು. ಅದನ್ನು ದುರ್ಗಾ ಎಂದು ಕರೆದರು. ಮೊದಲನೆಯ ಸುದ್ದಿಯನ್ನು ಲೋಕವೇ ಕೊಂಡಾಡಿತು. ಎರಡನೆಯದನ್ನು ಸ್ವದೇಶವೇ ನಂಬಲಿಲ್ಲ.

ಆ ಸಾಧನೆಯ ಕರ್ತೃ ಡಾ. ಸುಭಾಷ್ ಮುಖೋಪಾಧ್ಯಾಯರು 1931ರ ಜನವರಿ 16ರಂದು ಹಜಾರಿಬಾಗಿನಲ್ಲಿ ಜನಿಸಿದರು. ಕಲ್ಕತ್ತೆಯಲ್ಲಿ ವೈದ್ಯಪದವಿಯನ್ನು ಪಡೆದು, ಅಲ್ಲಿಯೂ ಮುಂದೆ ಎಡಿನ್‌ಬರೋದಲ್ಲಿಯೂ ಪ್ರಜನನ ಶಾಸ್ತ್ರದಲ್ಲಿ ಸಂಶೋಧನೆ ನಡೆಸಿ ಎರಡು ಡಾಕ್ಟರೇಟುಗಳನ್ನು ಗಳಿಸಿದರು. ಸ್ವದೇಶಕ್ಕೆ ಮರಳಿ ಶರೀರಕ್ರಿಯಾ ಶಾಸ್ತ್ರದ ಅಧ್ಯಾಪಕರಾದರು.

ಸ್ತ್ರೀಯ ಅಂಡಾಶಯವು ಸಾಮಾನ್ಯವಾಗಿ ತಿಂಗಳಿಗೆ ಒಂದೇ ಅಂಡಾಣುವನ್ನು ಪಕ್ವಗೊಳಿಸುತ್ತದೆ. ಈ ಕಾರ್ಯವನ್ನು ನಡೆಸುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳು. ಅಂಡನಾಳಗಳು ಮುಚ್ಚಿಹೋಗಿದ್ದರೆ ಅಂಡಾಣುವೂ ವೀರ್ಯಾಣುವೂ ಸಂಧಿಸಲಾರವು. ದುರ್ಗಾಳ ತಾಯಿಗೆ ಇದ್ದುದು ಈ ತೊಂದರೆಯೇ. ಮುಖೋಪಾಧ್ಯಾಯರು ಆಕೆಗೆ ಹಾರ್ಮೋನುಗಳನ್ನು ಕೊಟ್ಟು, ಒಮ್ಮೆಗೇ ಹಲವು ಅಂಡಾಣುಗಳು ಪಕ್ವವಾಗುವಂತೆ ಮಾಡಿದರು. ಅವುಗಳನ್ನು ಹೊರತೆಗೆದು ಗಾಜಿನ ಪಾತ್ರೆಯಲ್ಲಿ ಫಲಿತಗೊಳಿಸಿದರು. ಹಾರ್ಮೋನು ಕೊಟ್ಟ ತಿಂಗಳಿನಲ್ಲಿ ಗರ್ಭಕೋಶವು ಭ್ರೂಣಧಾರಣೆಗೆ ಅನುಕೂಲವಾಗಿರದೆಂದು ಭಾವಿಸಿ, ಭ್ರೂಣಗಳನ್ನು ಅತಿಶೀತದಲ್ಲಿ 53 ದಿನ ಕಾಪಾಡಿ, ಅನಂತರ ಸಹಜ ಋತುಚಕ್ರವೊಂದರಲ್ಲಿ ಗರ್ಭಕ್ಕೆ ಸೇರಿಸಿದರು. ಶೈತ್ಯವಿಜ್ಞಾನಿ ಸುನೀತ್ ಮುಖರ್ಜಿ, ಸ್ತ್ರೀರೋಗತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ ಅವರಿಗೆ ನೆರವಾದರು. ಶೀತಲೀಕರಿಸಿದ ಭ್ರೂಣದಿಂದ ಆಸ್ಟ್ರೇಲಿಯದಲ್ಲಿ ಶಿಶು ಜನಿಸಿದ್ದು 1984ರಲ್ಲಿ ಎಂಬುದನ್ನು ನೆನೆದರೆ ಅವರ ದೂರದೃಷ್ಟಿ ಅರಿವಾಗುತ್ತದೆ.

ಆದರೆ ರಾಜ್ಯ ಸರ್ಕಾರವು ನೇಮಿಸಿದ ಸಮಿತಿಯು ಅವರ ಮಾತನ್ನು ಅಲ್ಲಗಳೆಯಿತು. ಈ ನೂತನ ವಿದ್ಯೆಯಲ್ಲಿ ಅನುಭವವುಳ್ಳವರು ಆ ಸಮಿತಿಯಲ್ಲಿರಲಿಲ್ಲ. ಮಗುವಿನ ಹೆತ್ತವರು ಸಮಾಜಕ್ಕೆ ಅಂಜಿ ಮರೆಯಲ್ಲಿಯೇ ಉಳಿದರು. 1979ರಲ್ಲಿ ಜಪಾನಿನಿಂದ ಆಹ್ವಾನ ಬಂದಾಗ ಹೋಗಲು ಅನುಮತಿ ದೊರೆಯಲಿಲ್ಲ. 1981ರ ಜೂನ್ ತಿಂಗಳಿನಲ್ಲಿ ಅವರನ್ನು ನೇತ್ರಚಿಕಿತ್ಸಾ ಸಂಸ್ಥೆಯೊಂದಕ್ಕೆ ವರ್ಗಾಯಿಸಲಾಯಿತು. ಜೀವನದ ವ್ರತವಾಗಿದ್ದ ಸಂಶೋಧನೆಯ ಬಾಗಿಲು ಹೀಗೆ ಮುಚ್ಚಿತು. ಮನನೊಂದ ಮುಖೋಪಾಧ್ಯಾಯರು ಅದೇ ತಿಂಗಳ 19ರಂದು ತಮ್ಮ ಬದುಕನ್ನು ತಾವೇ ಕೊನೆಗಾಣಿಸಿಕೊಂಡರು. ಆಗ ಅವರಿಗೆ ಐವತ್ತೇ ವರ್ಷ.

1986ರಲ್ಲಿ ಮುಂಬಯಿಯಲ್ಲಿ ಜನಿಸಿದ ಹರ್ಷ ಎಂಬ ಮಗುವನ್ನು ಭಾರತದ ಮೊದಲ ಪ್ರನಾಳ ಶಿಶುವೆಂದು ಸಾರಲಾಯಿತು. ಆ ಯಶಸ್ಸಿನ ಹಿಂದಿದ್ದ ವಿಜ್ಞಾನಿಗಳಲ್ಲಿ ಟಿ. ಸಿ. ಆನಂದಕುಮಾರರೂ ಒಬ್ಬರು. 1997ರಲ್ಲಿ ಕಲ್ಕತ್ತೆಗೆ ಹೋಗಿದ್ದಾಗ ಮುಖೋಪಾಧ್ಯಾಯರ ಕೈಬರಹದ ಟಿಪ್ಪಣಿಗಳು ಅವರಿಗೆ ದೊರೆತವು. ಅವನ್ನು ಕೂಲಂಕಷವಾಗಿ ಪರಿಶೀಲಿಸಿದ ಆನಂದಕುಮಾರರು, ಮೊದಲಿಗರೆಂಬ ಕೀರ್ತಿ ತಮಗಲ್ಲ, ಮುಖೋಪಾಧ್ಯಾಯರಿಗೇ ಸಲ್ಲತಕ್ಕದ್ದೆಂದು ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದರು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅದನ್ನು ಮನ್ನಿಸಿತು. 2003ರಲ್ಲಿ ದುರ್ಗಾ ತನ್ನ ಇಪ್ಪತ್ತೈದನೆಯ ಹುಟ್ಟುಹಬ್ಬದಂದು ತಾನಾಗಿಯೇ ಲೋಕದ ಮುಂದೆ ಬಂದು ನಿಂತಳು.

ಒಬ್ಬರು ಸತ್ಯವನ್ನು ಕಂಡು ಅದಕ್ಕಾಗಿ ನೊಂದರು. ಇನ್ನೊಬ್ಬರು ಅದೇ ಸತ್ಯಕ್ಕಾಗಿ ಕೈಗೆ ಬಂದ ಕೀರ್ತಿಯನ್ನು ಬಿಟ್ಟುಕೊಟ್ಟರು. ವಿಜ್ಞಾನದ ಹಿರಿಮೆ ಈ ಇಬ್ಬರಿಂದಲೂ ಬೆಳಗಿತು.